ಹೆಸರಿನ ಜಾಗ

ಶಿವಗಣಾರಾಧನೆಗೆ ನೆಂಟರು ಬರುತ್ತಾರೆಂದು ಕೋಮಲ ಮನೆಯನ್ನೆಲ್ಲ ತೊಳೆದಳು. ಆಮೇಲೆ ಜಗಲಿಯಲ್ಲಿ ಕೂತು ಓರಗಿತ್ತಿ ಶಿವರತ್ನಮ್ಮನ ಫೋನನ್ನೂ ಚೊಕ್ಕಟ ಮಾಡಿದಳು.

"ಅಕ್ಕಾ, ಎಷ್ಟು ಕಸ ತುಂಬ್ಕಂಡಿದ್ದೆ ಇದ್ರಲ್ಲಿ! ಎಲ್ಲ ಒರ್ಸಾಕಿವ್ನಿ. ಇನ್ನು ಕುದ್ರೆ ಓಡ್ದಂಗೆ ಓಡುತ್ತೆ ನೋಡು."

ಶಿವರತ್ನಮ್ಮ ಫೋನಿನಲ್ಲಿ ಸೀರೆ ಮಾರುವ ವೆಬ್ ಪುಟ ತೆರೆದಳು. 'ನಿಮ್ಮ ಹೆಸರು?' ಎಂದು ಕೇಳಿತು ಅದು.

ಮುಚ್ಚಿ ಮತ್ತೆ ತೆರೆದಳು. ಮತ್ತೆ ಅದನ್ನೇ ಕೇಳಿತು.

ಆ ಪುಟ ಅವಳ ಗಂಡ ಪ್ರಭುಸ್ವಾಮಿ ಮಾಡಿದ್ದು. ಕೊಳ್ಳೇಗಾಲದಲ್ಲಿ ಅವನದು ಅಂಗಡಿಯಿಲ್ಲದ ರೇಷ್ಮೆ ಸೀರೆ ವ್ಯಾಪಾರ. ನೇಯ್ದವರ ಮನೆಯಿಂದ ತಂದು, ಪುಟದಲ್ಲಿ ಫೋಟೋ ಹಾಕಿ, ಕೇಳಿದವರಿಗೆ ಬೈಕಿನಲ್ಲಿ ಕೊಟ್ಟು ಬರುತ್ತಿದ್ದ. ಸೀರೆಗೆ ಮಾತು ಬರೆಯುವುದು ಅವಳ ಪಾಲು. ಹೆಚ್ಚು ಓದಿದವಳಲ್ಲ. ಆದರೂ ಹುಣಸೆ ಚಿಗುರಿನ ಬಣ್ಣ, ಕುಂಬಳ ಹೂವಿನ ಬಣ್ಣ ಎಂದೆಲ್ಲ ಬರೆಯುತ್ತಿದ್ದಳು.

ಮೊದಲು ಎಲ್ಲವೂ ಒಂದೇ ಫೈಲಿನಲ್ಲಿತ್ತು. ಒಮ್ಮೆ ಬಣ್ಣ ತಿದ್ದಲು ಹೋಗಿ ಇನ್ನೇನನ್ನೋ ಅಳಿಸಿಬಿಟ್ಟಳು. ಪುಟ ಬೆಳ್ಳಗಾಗಿ ನಿಂತಿತು. ಬೈಯುತ್ತಾನೆ ಅಂದುಕೊಂಡಳು. ಅವನು ಬೈಯಲಿಲ್ಲ, ಫೈಲನ್ನೇ ಎರಡು ಮಾಡಿದ.

"ಮದ್ವೆ ಮನೇಲಿ ಅಡ್ಗೆ ಇಂದ್ಗಡೆ, ಬಡ್ಸೋದು ಪಂಕ್ತೀಲಿ. ಬಡ್ಸೋರು ಒಲೆ ಮುಟ್ಬಾರ್ದು. ಕೆಲ್ಸ ಮಾಡೋದೆಲ್ಲ ನನ್ ಫೈಲಲ್ಲಿರ್ಲಿ. ಮಾತು ನಿನ್ ಫೈಲಲ್ಲಿ. ಏನ್ ಬೇಕಾದ್ರೂ ಬರ್ಕ, ಕೆಡಕಿಲ್ಲ."

"ಅಂದ್ರೆ ಉಪ್ಪು ಕಮ್ಮಿಯಾದ್ರೆ ಬೈಸ್ಕಳ್ಳೋಳು ನಾನು. ನೀವು ಒಳ್ಗೆ ಬೆಚ್ಚಗೆ ಕೂತಿರ್ತೀರಾ."

ಅವ್ವನ ಮುಂದೆ ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿರಲಿಲ್ಲ. 'ಏ, ಇಲ್ ಬಾ' ಅಷ್ಟೆ. ಉಂಡೆಯಾ ಎಂದು ಅವನು ಬಾಯಿಬಿಟ್ಟು ಕೇಳಿದ್ದೂ ಇಲ್ಲ. ಒಂದು ದಿನ ಅವಳ ಫೋನು ತೆಗೆದುಕೊಂಡು, ಪುಟ ಹೆಸರು ಕೇಳುವ ಜಾಗದಲ್ಲಿ ಏನೋ ಒತ್ತಿ ಕೊಟ್ಟ. ಅಂದಿನಿಂದ ಪುಟ ತೆರೆದಾಗಲೆಲ್ಲ ಮೇಲೆ ಬರುತ್ತಿತ್ತು: 'ನಮಸ್ಕಾರ, ರತ್ನ ಉಂಡ್ಯಾ?'

"ಇದೇನ್ರಿ, ಗಿರಾಕಿಗೂ ಇಂಗೇ ಕೇಳುತ್ತಾ?"

"ಇಲ್ಲ ಕಣೇ. ಕುಕೀ ಅಂತಾರೆ ಇದ್ಕೆ. ಬಂದೋರ ಸೆರಗಿಗೆ ಒಂದ್ ಚೀಟಿ ಗಂಟಾಕಿ ಕಳ್ಸ್ದಂಗೆ. ಮತ್ತೆ ಬಂದಾಗ ಆ ಚೀಟಿ ಓದ್ಕಂಡು ಮಾತಾಡ್ಸುತ್ತೆ. ಚೀಟಿ ನಿನ್ ಫೋನಲ್ಲೇ ಇರುತ್ತೆ. ನನ್ ತಾವ ಇರಕಿಲ್ಲ."

ಯಾರೂ ಇಲ್ಲದಾಗ ಅವಳು ಫೋನಿಗೆ ಉತ್ತರ ಕೊಡುತ್ತಿದ್ದಳು. "ಉಂಡೆ ಕಣ್ರಿ."

ಹನೂರಿಗೆ ಸೀರೆ ಕೊಟ್ಟು ಬರುವಾಗ ಕಾಮಗೆರೆಯ ಹತ್ತಿರ ಅವನು ಎದೆ ಹಿಡಿದುಕೊಂಡು ಬೈಕು ನಿಲ್ಲಿಸಿದನಂತೆ. ರಸ್ತೆಯ ಪಕ್ಕ ಕೂತನಂತೆ. ಮತ್ತೆ ಏಳಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ದಿನವೂ ಪುಟ ಉಂಡ್ಯಾ ಎಂದು ಕೇಳಿತ್ತು. ಈಗ ಕೇಳಲಿಲ್ಲ.

"ಕುಕೀನೂ ಅಳಿಸ್ಬುಟ್ಯಾ ಕೋಮಲಾ?"

"ಫೋನೇ ಕೇಳ್ತು ಅಕ್ಕ, ಅಳಿಸ್ಲಾ ಅಂತ. ಊಂ ಅಂದೆ." ಕೋಮಲ ಅವಳ ಮುಖ ನೋಡಿದಳು. "ಯಾಕಕ್ಕ? ಏನಾರ ಓಯ್ತಾ?"

"ಏನಿಲ್ಲ, ಬುಡು."

ಎದ್ದು ಹೋಗಿ ಕಂಪ್ಯೂಟರ್ ಹಾಕಿದಳು. ತನ್ನ ಫೈಲು ತೆರೆದಳು. ನಮಸ್ಕಾರ ಎಂದಿತ್ತು, ಮುಂದೆ ಹೆಸರು ಬಂದು ಕೂರಲು ಜಾಗ. ಅಷ್ಟೆ. ಯಾವತ್ತೂ ಮುಟ್ಟದ ಅವನ ಫೈಲನ್ನೂ ತೆರೆದಳು. ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕಿ. ಕೊನೆಯವರೆಗೂ ಹುಡುಕಿದಳು. ರತ್ನ ಎಲ್ಲೂ ಇರಲಿಲ್ಲ. ಅವನು ಹೇಳಿದ್ದು ನಿಜ, ಅವನ ಹತ್ತಿರ ಇರಲಿಲ್ಲ.

ಫೋನಿನಲ್ಲಿ ತಾನೇ ಒತ್ತಿದಳು. ರತ್ನ ಉಂಡ್ಯಾ?

'ನಮಸ್ಕಾರ, ರತ್ನ ಉಂಡ್ಯಾ?' ಎಂದಿತು ಪುಟ. ಅದೇ ಅಕ್ಷರ, ಅದೇ ಜಾಗ.

ಉತ್ತರ ಹೇಳಲು ಬಾಯಿ ತೆರೆದಳು. ಈ ಸಲ ಕೇಳಿದವಳೂ ತಾನೇ.

ಅಳಿಸಿದಳು. ಶಿವರತ್ನಮ್ಮ ಎಂದು ಬರೆದಳು.

'ನಮಸ್ಕಾರ, ಶಿವರತ್ನಮ್ಮ.'

ಅದರ ಕೆಳಗೆ ಅಜ್ಜೀಪುರದ ಯಾರೋ ಕುಂಬಳ ಹೂವಿನ ಬಣ್ಣದ ಸೀರೆ ಕೇಳಿದ್ದರು. ಬೀರು ತೆಗೆದು ಹುಡುಕತೊಡಗಿದಳು.

"ಅಕ್ಕಾ, ಒಂದ್ ತುತ್ತು ಉಣ್ಣು ಬಾ," ಎಂದಳು ಕೋಮಲ ಒಳಗಿನಿಂದ.

"ಉಂಡೆ," ಎಂದಳು. ಉಂಡಿರಲಿಲ್ಲ.