ರಂಗನ ಗಿಟಾರಿನ ಮೇಲಿದ್ದ ಸಹಿ

ರಂಗ, ನಿನ್ನ ಗಿಟಾರಿನ ತಲೆಯ ಮೇಲಿದ್ದ ಆ ಸಹಿಯನ್ನು ಹಾಕಿದವನು ನಾನು. ಆ ದೊಡ್ಡ ವಾದಕನ ಹೆಸರಿನಲ್ಲಿ ಕಂಪನಿಯವರು ಮಾಡಿ ಮಾರುತ್ತಿದ್ದ ಗಿಟಾರ್ ಅದಾಗಿರಲಿಲ್ಲ. ಹಾಸನದ ಅಂಗಡಿಯೊಂದರ ಗೋಡೆಗೆ ನೇತುಹಾಕಿದ್ದ, ಯಾರ ಹೆಸರೂ ಇಲ್ಲದ, ಸಾಧಾರಣ ಕಪ್ಪು ಗಿಟಾರ್. ಹೊಳೆನರಸೀಪುರದ ನಮ್ಮ ಪಾತ್ರೆ ಅಂಗಡಿಯಲ್ಲಿ, ಸ್ಟೀಲ್ ತಟ್ಟೆ ಲೋಟಗಳ ಮೇಲೆ ಹೆಸರು ಕೊರೆಯುವ ಮಿಷನ್ನಿನಲ್ಲಿ, ನಾನೇ ಕೊರೆದು ಗೆರೆಯೊಳಗೆ ಚಿನ್ನದ ಬಣ್ಣ ತುಂಬಿದೆ.

ಇದಿಷ್ಟೇ ಆಗಿದ್ದರೆ — ಯಾವತ್ತೋ ನಗುತ್ತ ಹೇಳಿಬಿಡುತ್ತಿದ್ದೆ. ನೀನೂ ಬೆನ್ನಿಗೊಂದು ಗುದ್ದಿ ನಗುತ್ತಿದ್ದೆ. ನನ್ನ ತಪ್ಪು ಅದಾದ ಮೇಲಿನದು, ನಿನಗೆ ನಾನು ಕೊಟ್ಟ ಒಂದು ಉತ್ತರದ್ದು. ಅದಕ್ಕೆ ಬರುತ್ತೇನೆ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಅಂಥ ವ್ಯಾಪಾರಸ್ಥರ ಮನೆಯವನು ನಾನು. ಆದರೂ ಈ ಒಂದು ವಿಷಯಕ್ಕೆ ಬರಲು ಇಷ್ಟು ವರ್ಷ ಹಿಡಿಯಿತು. ಸ್ವಲ್ಪ ತಡೆದುಕೊ.

ಮಲ್ಲಿಪಟ್ಟಣದ ನಿಮ್ಮ ಮನೆಯಲ್ಲಿ, ನೀನು ಮಲಗುತ್ತಿದ್ದ ಕೋಣೆಯ ಗೋಡೆಗೆ ಅಂಟಿಸಿದ್ದೆಯಲ್ಲ ಒಂದು ಚಿತ್ರ — ಯಾವುದೋ ಇಂಗ್ಲಿಷ್ ಪತ್ರಿಕೆಯದು. ಕಪ್ಪು ಗಿಟಾರ್, ಅದರ ತಲೆಯ ಮೇಲೆ ಆ ವಾದಕನ ಸಹಿ. ಸಿಗ್ನೇಚರ್ ಗಿಟಾರ್ ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದೇ ನಿನ್ನ ಬಾಯಲ್ಲಿ. ಅವನು ಹೇಳಿದ ಹಾಗೆ ಮರ ಆರಿಸಿ, ಅವನ ಕೈಗೆ ಒಪ್ಪುವ ಹಾಗೆ ಕೆತ್ತಿ, ಅವನೇ ನುಡಿಸಿ ನೋಡಿ ಸೈ ಅಂದ ಮೇಲೆ ಹೆಸರು ಹಾಕುತ್ತಾರೆ ಅಂತ ಹೇಳುತ್ತಿದ್ದೆ. ಹೊಗೆಸೊಪ್ಪು ಕಟ್ಟುವಾಗ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು. ನನಗೆ ಬೇಜಾರು ಬರುತ್ತಿತ್ತು. ನಿನ್ನ ಅಕ್ಕನಿಗೆ ಬರಲಿಲ್ಲ.

ಜಯಕ್ಕ ನಮ್ಮೂರಿಗೇ ಸೊಸೆಯಾಗಿ ಬಂದವಳಲ್ಲವೆ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಬಂದಳು. ಕೈಯಲ್ಲಿ ಹೊಸ ಗಿಟಾರ್. ಸೆರಗಿನ ಮರೆಯಲ್ಲಿ ಮಡಚಿದ ಆ ಚಿತ್ರ. ತವರಿಗೆ ಹೋದವಳು ಗೋಡೆಯಿಂದ ಮೆಲ್ಲಗೆ ಬಿಡಿಸಿಕೊಂಡು ಬಂದಿದ್ದಳು. ಗೆದ್ದಲು ತಿಂತು ಅಂತ ನಿನಗೆ ಹೇಳಿದ್ದಳಂತೆ, ನೆನಪಿದೆಯಾ?

"ಲೋಕೇಸಾ, ತಟ್ಟೆ ಮ್ಯಾಲೆ ಎಸ್ರು ಆಕ್ತೀಯಲ್ಲ, ಅಂಗೇ ಇದ್ರ ಮ್ಯಾಲೂ ಒಂದು ಆಕ್ಕೊಡಪ್ಪ. ಅವ್ನು ಅದೇ ಬೇಕು ಅಂತಾನೆ, ನನ್ ಕೈಲಿ ಆಗಿದ್ದು ಇಷ್ಟೇಯ. ಅವ್ನಿಗೆ ಮಾತ್ರ ಏಳ್ಬ್ಯಾಡ."

ಎಷ್ಟು ಮದುವೆ, ಎಷ್ಟು ಗೃಹಪ್ರವೇಶ — ಉಡುಗೊರೆ ಕೊಡುವವರ ಹೆಸರು ಕೊರೆದು ಕೊರೆದು ಪಳಗಿದ ಕೈ ನನ್ನದು. ಮೊದಲು ಒಂದು ಹಳೇ ಮುಚ್ಚಳದ ಮೇಲೆ ಅಭ್ಯಾಸ ಮಾಡಿದೆ. ಆಮೇಲೆ ಗಿಟಾರಿಗೆ ಹಾಕಿದೆ. ಚೆನ್ನಾಗಿಯೇ ಬಂತು. ಅಕ್ಕ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ದಿನದ ಬಗ್ಗೆ ನನಗೆ ಈಗಲೂ ನಾಚಿಕೆ ಇಲ್ಲ.

ಬೆಂಗಳೂರಿನಿಂದ ಪರಿಚಯದವರ ಕೈಲಿ ತರಿಸಿದೆ ಅಂತ ಅಕ್ಕ ಹೇಳಿದಳು, ನೀನು ನಂಬಿದೆ. ಅಕ್ಕ ಕೊಟ್ಟಿದ್ದನ್ನು ತಿರುಗಿಸಿ ಮುರುಗಿಸಿ ಪರೀಕ್ಷೆ ಮಾಡುವ ಜಾತಿಯವನಲ್ಲ ನೀನು. ಅವತ್ತಿನಿಂದ ನುಡಿಸುವ ಮುಂಚೆ ಆ ಸಹಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತ ನನಗೆ ನಗು ತಡೆಯುವುದೇ ಕೆಲಸವಾಗುತ್ತಿತ್ತು. ಆದರೆ ನೀನು ನುಡಿಸಲು ಶುರು ಮಾಡಿದರೆ — ನಗು ಎಲ್ಲಿ ಹೋಗುತ್ತಿತ್ತೋ. ಮೊದಲೂ ನೀನು ನುಡಿಸುತ್ತಿದ್ದೆ, ಆದರೆ ಕಳ್ಳನ ಹಾಗೆ, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ. ಆ ಗಿಟಾರ್ ಬಂದ ಮೇಲೆ ನಿನ್ನ ಭಯ ಹೋಯಿತು. ಹಾಡುಗಾರರು ಉಸಿರು ತೆಗೆದುಕೊಳ್ಳುವ ಚೂರು ಜಾಗದಲ್ಲಿ ನೀನೊಂದು ಎಳೆ ತೂರಿಸುತ್ತಿದ್ದೆಯಲ್ಲ, ಅದನ್ನು ಯಾರೂ ನಿನಗೆ ಹೇಳಿಕೊಟ್ಟಿರಲಿಲ್ಲ. ನಾನಂತೂ ಅಲ್ಲ. ನಿನಗೆ ಮೊದಲ ಪಾಠ ಹೇಳಿದವನು ನಾನೇ ಆದರೂ.

ಹಾಸನದ ನಮ್ಮ ಆರ್ಕೆಸ್ಟ್ರಾದಲ್ಲಿ ಮುಂದೆ ನಿಂತು ನುಡಿಸುವ ಲೀಡ್ ಗಿಟಾರ್ ನಿನ್ನದಾಯಿತು. ನಾನು ಹಿಂದೆ ನಿಂತು ರಿದಂ ಬಾರಿಸುವವನಾದೆ. ಹೊಟ್ಟೆಕಿಚ್ಚಾಯಿತೇ ಅಂದರೆ, ಹೌದು, ಆಯಿತು. ದಿನಾ ಆಗುತ್ತಿತ್ತು. ನಿನ್ನನ್ನು ಕಂಡರೆ ಪ್ರೀತಿಯೂ ಇತ್ತು, ಎರಡೂ ಒಟ್ಟಿಗೆ ಇದ್ದವು. ಹೇಗೆ ಅಂತ ನನಗೂ ಗೊತ್ತಿಲ್ಲ.

ಚನ್ನರಾಯಪಟ್ಟಣಕ್ಕೆ ಒಂದು ಆರತಕ್ಷತೆಯ ಕಾರ್ಯಕ್ರಮಕ್ಕೆ ಹೋಗುವಾಗ ಟೆಂಪೋದಲ್ಲಿ ನಮ್ಮ ಮಾಸ್ಟ್ರು ನಿನ್ನನ್ನು ಕೆಣಕಿದ್ದು ನೆನಪಾಗುತ್ತದೆ. ಆರ್ಕೆಸ್ಟ್ರಾ ನಡೆಸುತ್ತಿದ್ದವರು, ಕೀಬೋರ್ಡ್ ನುಡಿಸುತ್ತಿದ್ದವರು, ಅವರ ಮಾತೆಂದರೆ ನಮಗೆಲ್ಲ ವೇದ. ಕಲಾವಿದನಾದವನು ಇನ್ನೊಬ್ಬ ಕಲಾವಿದನ ಹೆಸರು ಹೊತ್ತ ವಾದ್ಯ ನುಡಿಸಬಾರದು, ಅದು ಬಾಡಿಗೆ ಬಟ್ಟೆ ಹಾಕಿಕೊಂಡು ಮದುಮಗ ಅಂತ ಮೆರೆದ ಹಾಗೆ, ಅಂದರು. ಎಲ್ಲರೂ ನಕ್ಕರು. ನೀನು ಕೋಪ ಮಾಡಿಕೊಳ್ಳಲಿಲ್ಲ.

"ಸಾ, ನಮ್ಮಟ್ಟೀಲಿರೋ ಒಂದು ತಟ್ಟೆ ಮ್ಯಾಲೂ ನನ್ನೆಸ್ರಿಲ್ಲ. ಒಂದ್ರಲ್ಲಿ ಮಾವಂದು, ಒಂದ್ರಲ್ಲಿ ದೊಡ್ಡಪ್ಪಂದು. ಎಲ್ಲಾ ಈ ಲೋಕಿನೇ ಕೊರ್ದಿರೋದು, ಬೇಕಾರೆ ಕೇಳಿ. ಮಾವನೆಸ್ರಿರೋ ತಟ್ಟೇಲಿ ಉಂಡ್ರೆ ತುಂಬೋದು ನನ್ನೊಟ್ಟೇನೇ ಅಲ್ವಾ ಸಾ?"

ಈ ಸಲ ಮಾಸ್ಟ್ರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಈಗ ಹಾಸನದ ಅಂಗಡಿಗಳಲ್ಲಿ ಅಂಥ ಸಹಿ ಇರುವ ಗಿಟಾರುಗಳು ಸಾಲಾಗಿ ನೇತಾಡುತ್ತಿರುತ್ತವೆ. ನನಗೆ ಸ್ವಲ್ಪ ಹೆಸರಿದೆಯಲ್ಲ, ತೆಗೆದುಕೊಳ್ಳುವವರು ಬಂದು ಕೇಳುತ್ತಾರೆ — ಇನ್ನೊಬ್ಬರ ಸಹಿ ಇರುವ ಗಿಟಾರ್ ನುಡಿಸಬಹುದಾ ಸಾರ್, ಸ್ವಂತಿಕೆ ಹೋಗಲ್ವಾ, ಅಂತ. ನುಡಿಸಿ, ತಪ್ಪೇನಿಲ್ಲ, ಅನ್ನುತ್ತೇನೆ. ನಿನ್ನ ತಟ್ಟೆಯ ಮಾತನ್ನೇ ಹೇಳುತ್ತೇನೆ, ನನ್ನದೇ ಅನ್ನುವ ಹಾಗೆ. ಅವರು ತಲೆದೂಗಿ ಹೋಗುತ್ತಾರೆ. ಹೋದ ಮೇಲೆ ನನಗೆ ಊಟ ಸೇರುವುದಿಲ್ಲ. ಯಾಕೆಂದರೆ ಅಷ್ಟು ಚೆನ್ನಾಗಿ ಮಾತಾಡಿದ ನೀನೇ ಒಳಗೊಳಗೆ ಅದನ್ನು ನಂಬಿರಲಿಲ್ಲ. ನಿನ್ನ ಹೊಟ್ಟೆ ತುಂಬಿಸುತ್ತಿರುವುದು ತಟ್ಟೆಯೇ ಅಂತ ನಿನಗೊಂದು ಅನುಮಾನ ಇದ್ದೇ ಇತ್ತು. ಅದು ನನಗೆ ಗೊತ್ತಿತ್ತು.

ಹಿರೀಸಾವೆಯಲ್ಲಿ ಗಿಟಾರ್ ಮುರಿಯಿತು. ಯಾರ ತಪ್ಪೂ ಅಲ್ಲ. ಸಾಮಾನು ಇಳಿಸುವಾಗ ಸ್ಪೀಕರ್ ಡಬ್ಬ ಜಾರಿ ಬಿತ್ತು. ಕತ್ತಿನ ಹತ್ತಿರ ಮುರಿದು, ಸಹಿ ಇದ್ದ ತಲೆ ತಂತಿಗಳಿಗೆ ಜೋತುಬಿದ್ದಿತ್ತು. ನೀನು ಅಳಲಿಲ್ಲ. ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಸುತ್ತಿಟ್ಟೆ. ಆ ದಿನ ಬೇರೊಬ್ಬರ ಗಿಟಾರಿನಲ್ಲಿ ನುಡಿಸಿದೆ, ಬೆರಳು ತಡವರಿಸಿತು. ಮುಂದಿನ ಕಾರ್ಯಕ್ರಮದಲ್ಲಿ ಇನ್ನೂ ತಡವರಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನದು ಅದಕ್ಕೂ ಉಲ್ಟಾ — ಇಷ್ಟು ದಿನ ಕುಣಿದಿದ್ದೆಲ್ಲ ನೆಲದ ಪುಣ್ಯ ಅಂದುಕೊಂಡವನು ನೀನು.

ಹಾಸನದಲ್ಲಿ ಬೇರೆ ಗಿಟಾರ್ ನೋಡಲು ಇಬ್ಬರೂ ಹೋದೆವು. ನಿನ್ನ ಗಿಟಾರ್ ಹುಟ್ಟಿದ್ದೇ ಆ ಅಂಗಡಿಯಲ್ಲಿ, ರಂಗ. ಅದೇ ಗೋಡೆ. ಅದರದೇ ಅಚ್ಚಿನ ಇನ್ನೊಂದು ಅಲ್ಲಿ ನೇತಾಡುತ್ತಿತ್ತು, ಹೆಸರಿಲ್ಲದ್ದು. ನೀನು ಅದನ್ನು ಕೈಗೆ ತೆಗೆದುಕೊಂಡೆ. ಎರಡು ಸಾರಿ ಮೀಟಿ, ಇದರಲ್ಲಿ ಬರಾಕಿಲ್ಲ ಕಣ್ಲಾ, ಅಂತ ವಾಪಸ್ ಇಟ್ಟೆ. ನಾನು ನೋಡುತ್ತ ನಿಂತಿದ್ದೆ. ಒಂದು ಮಾತು — ಒಂದೇ ಮಾತು ಸಾಕಿತ್ತು.

ಬಸ್ ಸ್ಟ್ಯಾಂಡಿನಲ್ಲಿ ನಿಮ್ಮೂರ ಕಡೆಯ ಅರಕಲಗೂಡು ಬಸ್ಸಿಗೆ ಕಾಯುತ್ತಿದ್ದೆವು. ನೀನು ನನ್ನ ಮುಖ ನೋಡದೆ ಕೇಳಿದೆ.

"ಲೋಕಿ, ದಿಟ ಏಳ್ಬುಡು. ಎಲ್ಲಾ ಆ ಗಿಟಾರ್‌ನಲ್ಲೇ ಇತ್ತಾ? ನನ್ ಕೈಯಾಗೆ ಏನೂ ಇರ್ನಿಲ್ವಾ?"

"ಇದ್ದಿರಬಹುದು ಕಣೋ," ಅಂದೆ.

ಅದೇ ನನ್ನ ತಪ್ಪು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು. ಏನು ಇದ್ದಿರಬಹುದು, ಎಲ್ಲಿ ಇದ್ದಿರಬಹುದು — ನಾನು ಹೇಳಲಿಲ್ಲ, ಹೇಗೆ ಬೇಕಾದರೂ ತೆಗೆದುಕೊ ಅನ್ನುವ ಹಾಗೆ ಆಡಿದೆ. ನೀನು ಹೇಗೆ ತೆಗೆದುಕೊಳ್ಳುತ್ತೀ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಹೇಳುವ ಮುಂಚೆ ಲೀಡ್ ಗಿಟಾರಿನ ಜಾಗ ನನ್ನ ಕಣ್ಣ ಮುಂದೆ ಬಂದಿತ್ತು. ನೀನು ತಲೆ ಆಡಿಸಿದೆ. ಬಸ್ ಬಂತು, ಹತ್ತಿದೆ. ಆಮೇಲೆ ನೀನು ಗಿಟಾರ್ ಮುಟ್ಟಲಿಲ್ಲ.

ಮುರಿದ ಗಿಟಾರನ್ನು ಅಕ್ಕ ನೋಡಿದರೆ ನೊಂದುಕೊಳ್ಳುತ್ತಾಳೆ, ನಿಮ್ಮ ಅಂಗಡಿ ಅಟ್ಟದಲ್ಲಿ ಇಟ್ಟುಕೊ, ಅಂತ ನೀನು ಅಂದೆ. ನಾನು ಇಟ್ಟುಕೊಂಡೆ. ಶುಂಠಿ ಕೆಲಸ ಜಾಸ್ತಿ, ನುಡಿಸಲು ಪುರಸೊತ್ತಿಲ್ಲ, ಗಿಟಾರ್ ಲೋಕಿ ಹತ್ತಿರ ಇದೆ ಅಂತ ಅವಳಿಗೆ ನೀನು ಹೇಳಿದೆ. ಅವಳು ನಂಬಿದಳು, ಆಸೆ ತೀರಿತೇನೋ ಅಂದುಕೊಂಡು ಸುಮ್ಮನಾದಳು. ಅದು ಸಾಧಾರಣ ಗಿಟಾರ್ ಅಂತ ಅವಳಿಗೆ ಗೊತ್ತಿತ್ತು, ಮುರಿದಿದ್ದು ಗೊತ್ತಿರಲಿಲ್ಲ. ಮುರಿದಿದ್ದು ನಿನಗೆ ಗೊತ್ತಿತ್ತು, ಸಾಧಾರಣದ್ದು ಅಂತ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವನು ನಾನೊಬ್ಬನೇ. ಅಕ್ಕನಿಗೆ ಮಾತು ಕೊಟ್ಟಿದ್ದೇನೆ, ಹೇಗೆ ಮುರಿಯಲಿ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಂಥ ಸತ್ಯವಂತ ನೋಡು.

ಮುಂದೆ ನಿಂತು ನಾನು ನುಡಿಸಿದೆ. ಕೆಟ್ಟದಾಗೇನೂ ಅಲ್ಲ. ಒಂದು ಸಂಜೆ ಮಾಸ್ಟ್ರು ಕೀಬೋರ್ಡ್ ಮುಚ್ಚುತ್ತ, ರಂಗ ಇದ್ದಿದ್ರೆ, ಅಂದರು. ಹಾಗೇ ವೈರ್ ಸುತ್ತತೊಡಗಿದರು. ಕೆಲವು ವರ್ಷಕ್ಕೆ ಜನ ಆರ್ಕೆಸ್ಟ್ರಾ ಬಿಟ್ಟು ಡಿಜೆ ಕರೆಸತೊಡಗಿದರು, ನಮ್ಮ ತಂಡ ಚದುರಿತು. ನಿನ್ನಿಂದ ಕಿತ್ತುಕೊಂಡ ಜಾಗವನ್ನು ವಾಪಸ್ ಕೊಡೋಣವೆಂದರೆ ಆ ಜಾಗವೇ ಈಗಿಲ್ಲ.

ಮೊನ್ನೆ ಜಯಕ್ಕ ಅಂಗಡಿಗೆ ಬಂದಿದ್ದಳು, ಯಾರದೋ ಗೃಹಪ್ರವೇಶಕ್ಕೆ ಕೊಳಗ ತೆಗೆದುಕೊಳ್ಳಲು. ಹೆಸರು ಕೊರೆಯುತ್ತಿದ್ದೆ. ರಂಗ ಈಚೆಗೆ ಯಾಕೋ ಮಂಕಾಗಿದಾನೆ, ಆ ಗಿಟಾರನ್ನಾದರೂ ತೆಗೆದುಕೊಂಡು ಹೋಗಿ ಅವನ ಕೈಗೆ ಕೊಡು, ಅಂದಳು. ಮಿಷನ್ ಆರಿಸಿದೆ. ಅಟ್ಟದಿಂದ ಇಳಿಸಿ ತೋರಿಸಿದೆ. ಹಿರೀಸಾವೆಯದು, ಬಸ್ ಸ್ಟ್ಯಾಂಡಿನದು, ಎಲ್ಲ ಹೇಳಿದೆ. ನೀನೇ ರಂಗನಿಗೆ ಹೇಳಬೇಡ ಅಂದಿದ್ದೆಯಲ್ಲಕ್ಕ, ಅಂತಲೂ ಸೇರಿಸಿದೆ — ಅಲ್ಲಿಯೂ ಒಂದು ಗುರಾಣಿ. ಅವಳು ಬಯ್ಯಲಿಲ್ಲ. ಮುರಿದ ತುದಿಯನ್ನು ಬೆರಳಲ್ಲಿ ಸವರುತ್ತ ಹೇಳಿದಳು.

"ಅವ್ನು ನುಡಿಸ್ಲಿ ಅಂತ ಅಲ್ವೇನಪ್ಪಾ ನಾನು ಏಳ್ಬ್ಯಾಡ ಅಂದಿದ್ದು. ನುಡ್ಸೋದೇ ನಿಂತ್ಮ್ಯಾಲೆ ಇನ್ಯಾರಿಗೋಸ್ಕರ ಮುಚ್ಚಿಟ್ಟೆ?"

ಮಾರನೆಯ ದಿನ ನಿಮ್ಮೂರಿಗೆ ಬಂದೆ. ನೀನು ಶುಂಠಿ ಹೊಲದಲ್ಲಿದ್ದೆ. ಏನ್ಲಾ ಲೋಕಿ, ಬಿಸ್ಲಲ್ಲಿ ಬಂದ್ಬುಟ್ಟೆ, ಅಂತ ಕೈ ಒರೆಸಿಕೊಂಡು ಬಂದು ಎಳನೀರು ಕೊಚ್ಚಿಕೊಟ್ಟೆ. ನಿನ್ನ ಬೆರಳ ತುದಿ ನೋಡಿದೆ. ತಂತಿ ಒತ್ತಿ ಗಟ್ಟಿಯಾಗಿದ್ದ ಚರ್ಮ ಯಾವಾಗಲೋ ಹೋಗಿ, ಈಗ ಅಲ್ಲಿ ಮಣ್ಣಿನ ಬಿರುಕುಗಳಿದ್ದವು. ಶುಂಠಿಯ ರೇಟು ಕೇಳಿದೆ, ಕರೆಂಟಿನ ವಿಷಯ ಮಾತಾಡಿದೆ, ಎಳನೀರು ಕುಡಿದು ವಾಪಸ್ ಬಂದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಅದಕ್ಕೇ ಇದನ್ನು ಬರೆದಿದ್ದೇನೆ. ಭಾನುವಾರ ಅಕ್ಕನನ್ನು ಕರೆದುಕೊಂಡು ಬರುತ್ತೇನೆ, ಅವಳ ಎದುರಿಗೆ ನಿನಗೆ ಓದಿ ಹೇಳುತ್ತೇನೆ. ಕಾಗದ ಕೈಯಲ್ಲಿದ್ದರೆ ಶುಂಠಿ ರೇಟಿನ ಕಡೆಗೆ ಜಾರಿಕೊಳ್ಳಲು ಆಗುವುದಿಲ್ಲ. ನಿನ್ನ ಸ್ವಭಾವ ನನಗೆ ಗೊತ್ತು — ಓಗ್ಲಿ ಬುಡ್ಲಾ, ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀ. ಮುಗಿಸಬೇಡ. ಎದ್ದು ಹೋಗಬೇಕೆನಿಸಿದರೆ ಎದ್ದು ಹೋಗು, ಬೈಯಬೇಕೆನಿಸಿದರೆ ಬೈಯಿ. ಕ್ಷಮಿಸುವ ಅವಸರ ಮಾತ್ರ ಬೇಡ, ಅಷ್ಟು ಅಗ್ಗಕ್ಕೆ ನಾನು ಪಾರಾಗಬಾರದು.

ಮತ್ತೆ ನುಡಿಸು ಅಂತ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ನೀನು ಅವತ್ತು ಕೇಳಿದ್ದಕ್ಕೆ ಸರಿಯಾದ ಉತ್ತರ ಒಂದು ಬಾಕಿ ಇದೆ. ಇಲ್ಲ ಕಣೋ ರಂಗ, ಆ ಗಿಟಾರಿನಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ನಿಂತು ಅಷ್ಟು ವರ್ಷ ಕೇಳಿದವನು ನಾನು. ಅದೆಲ್ಲ ನಿನ್ನ ಕೈಯದೇ.