ನೀಲಕ್ಕನ ಅಳು

ಬಮ್ಮಿಗಟ್ಟಿಯ ನೀಲಕ್ಕ ಗಂಡನ ರೇಲ್ವೆ ನೌಕರಿಯ ಬೆನ್ನು ಹತ್ತಿ ಮೈಸೂರಿಗೆ ಹೋದದ್ದು ಅರವತ್ತೊಂಬತ್ತರಲ್ಲಿ. ಮೊದಲ ದಿನವೇ ನೀರಿನ ನಲ್ಲಿಯ ಸಾಲಿನಲ್ಲಿ "ಸ್ವಲ್ಪ ಬಾಜೂಕ ಸರೀರಿ" ಅಂದಳು. ಕೊಡ ಹಿಡಿದ ಹೆಂಗಸರು ಬಿದ್ದು ಬಿದ್ದು ನಕ್ಕರು, ತಾವೇನೋ ಸ್ವರ್ಗದಿಂದ ಭಾಷೆ ಇಳಿಸಿಕೊಂಡು ಬಂದವರ ಹಾಗೆ.

ನೀಲಕ್ಕ ಹಟದ ಹೆಣ್ಣು. ಅಕ್ಕಿ ಆರಿಸುತ್ತ, ಬಟ್ಟೆ ಒಗೆಯುತ್ತ "ಬನ್ನಿ, ಹೋಗ್ತೀನಿ, ಇದೀನಿ" ಎಂದು ತನ್ನಷ್ಟಕ್ಕೆ ತಾನೇ ಗುನುಗಿದಳು. ವರ್ಷದೊಳಗೆ ನಲ್ಲಿಯ ಸಾಲು ಬಾಯಿ ಮುಚ್ಚಿತು. "ಮನ್ಯಾಗರ ಬಿಡ ಮಾರಾಯ್ತಿ" ಅಂದ ಗಂಡ. ಅವಳು ಬಿಡಲಿಲ್ಲ.

ಊರಿಗೆ ಕೊನೆಯ ಸಲ ಹೋದಾಗ ಅವ್ವ ರೇವವ್ವ ಮಗಳ ಮಾತು ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದಳು. ಆಮೇಲೆ ಕೈ ಹಿಡಿದು ಹೇಳಿದ್ದಳು: "ನಾ ಸತ್ತಾಗ ಬರೇ ಕಣ್ಣೀರ ಹಾಕ್ಕೋತ ಕುಂದರಬ್ಯಾಡ. ಬಾಯಿ ತುಂಬ ಹಾಡ್ಯಾಡಿ ಅಳಬೇಕು. ನನಗಿರಾಕಿ ನೀ ಒಬ್ಬಾಕಿ."

ಆ ಕಡೆ ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳು ಸತ್ತವರನ್ನು ಕರೆ ಕರೆದು, ಅವರ ಗುಣ, ದುಡಿತವನ್ನೆಲ್ಲ ಹಾಡಿ ಅಳುತ್ತಾರೆ. ಮಗಳು ಹಾಡುವ ತನಕ ಹೆಣ ಎತ್ತುವುದಿಲ್ಲ.

ಎಪ್ಪತ್ತಾರರ ಚಳಿಗಾಲದಲ್ಲಿ ತಂತಿ ಬಂತು. ನೀಲಕ್ಕ ರೈಲಿನುದ್ದಕ್ಕೂ ಹಾಡಬೇಕಾದ್ದನ್ನು ಜೋಡಿಸಿಕೊಂಡಳು: ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆದದ್ದು, ತನ್ನ ಎರಡು ಬಾಣಂತನ ಮಾಡಿದ್ದು. ಪಡಸಾಲೆಯಲ್ಲಿ ಅಲ್ಲಿಯ ಪದ್ಧತಿಯಂತೆ ಅವ್ವನ ಹೆಣವನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಅವಳು ಪಾದ ಹಿಡಿದು ಬಾಯಿ ತೆರೆದಳು.

"ಅಮ್ಮಾ... ನನ್ನ ಬಿಟ್ಟು ಹೊರಟುಹೋದ್ಯಾ ಅಮ್ಮಾ..."

ಸುತ್ತಲಿನ ಹೆಂಗಸರ ಅಳು ಗಕ್ಕನೆ ನಿಂತಿತು. ಮಾತು ಬಂದಾಗಿನಿಂದ 'ಯವ್ವಾ' ಅಂದವಳು ನೀಲಕ್ಕ. ಮತ್ತೆ ಬಾಯಿ ತೆರೆದಳು. ಮತ್ತೆ ಅದೇ ನಲ್ಲಿಯ ಸಾಲಿನ ಮಾತು. ತನ್ನ ಬಾಯಲ್ಲಿ ಬೇರೆ ಯಾರೋ ಕೂತಿದ್ದಾರೆ ಅನ್ನಿಸಿತು.

ಗೋಡೆಯ ಬದಿ ಕೂತಿದ್ದ, ಕಣ್ಣು ಪೂರಾ ಹೋಗಿದ್ದ ಚಿಗವ್ವ ಅನ್ನವ್ವ ಕಿವಿಗೊಟ್ಟಳು. "ಯಾರವ್ವಾ ಅದು ಅಳಾಕತ್ತಾಕಿ? ನೀಲಿ ಇನ್ನೂ ಬರಲಿಲ್ಲೇನ?"

"ನಾನೇ ಚಿಕ್ಕಮ್ಮಾ, ಬಂದಿದೀನಿ."

ಅನ್ನವ್ವ ತಡಕಾಡಿ ಅವಳ ಭುಜ ಮುಟ್ಟಿದಳು. "ಪರಊರಾಕಿ ಇದ್ದಂಗದಿ. ಸ್ವಲ್ಪ ಬಾಜೂಕ ಸರಿ ತಾಯಿ. ಮಗಳು ಬರ್ತಾಳ, ಆಕಿ ಹಾಡಿ ಅತ್ತ ಮ್ಯಾಲೆ ಎತ್ತತಾರ."

ಇವಳೇ ನೀಲಿ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನೀಲಕ್ಕ ಅವ್ವನ ಪಾದ ಬಿಟ್ಟು ಸರಿದು ಕೂತಳು.