ಯಂತ್ರಕ್ಕೆ ನಿಲ್ಲುವುದನ್ನು ಕಲಿಸಿದ ನಮ್ಮ ಮಾದೇವ

ಇಲ್ಲ... ಯಾರಾದರೂ ಇದು ಸುಳ್ಳು ಅನ್ನಲಿ ಅಂತ ಬೆಳಿಗ್ಗೆಯಿಂದ ಫೋನ್ ತೆಗೆದು ತೆಗೆದು ನೋಡುತ್ತಿದ್ದೇನೆ...

ಮಾದೇವ ಹೋಗಿಬಿಟ್ಟ.
ನಮ್ಮ ಲ್ಯಾಬಿನ ಮಹದೇವಸ್ವಾಮಿ... ಸಾಲಿಗ್ರಾಮದವನು.
ಎದ್ದವನೇ ಎದೆನೋವು ಅಂದನಂತೆ. ಕೆ.ಆರ್. ನಗರದ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.
ನಿನ್ನೆ ತಾನೆ ನನ್ನ ಜೊತೆ ಟೀ ಕುಡಿದಿದ್ದ...

ಅವನ ರಿಸರ್ಚ್ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ.
ದೊಡ್ಡ ಕಾರ್ಖಾನೆಯ ರೋಬೋ ವರ್ಷವಿಡೀ ಒಂದೇ ಕೆಲಸ ಮಾಡುತ್ತದೆ. ನಮ್ಮ ಕಡೆಯ ಸಣ್ಣ ಕಾರ್ಖಾನೆಗಳಿಗೆ ಅದು ಆಗಿಬರುವುದಿಲ್ಲ. ಇಲ್ಲಿ ಇವತ್ತೊಂದು ಆರ್ಡರ್, ನಾಳೆ ಇನ್ನೊಂದು.
ಆರ್ಡರ್ ಬದಲಾದ ಹಾಗೆ ಕೆಲಸ ಬದಲಿಸಿಕೊಳ್ಳುವ ರೋಬೋ ಕೈ... ಅದೂ ಬೇಲಿಯೊಳಗಲ್ಲ, ಕೆಲಸದವರ ಪಕ್ಕದಲ್ಲೇ ನಿಂತು ದುಡಿಯುವಂಥದ್ದು.
ಅದೇ ಅವನ ಹುಚ್ಚು.

ಹುಣಸೂರಿನಲ್ಲಿ, ಹೊಲಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ತಯಾರಿಸುವ ಕಾರ್ಖಾನೆಯಲ್ಲಿ ಅದರ ಟ್ರಯಲ್ ನಡೆಯುತ್ತಿತ್ತು.
ಯಾರಾದರೂ ತೀರಾ ಹತ್ತಿರ ಬಂದರೆ ಸ್ಕ್ಯಾನರ್ ನೋಡುತ್ತದೆ, ಕೈ ನಿಲ್ಲುತ್ತದೆ.
ಓನರ್‌ಗೆ ಅದೇ ತಲೆನೋವು. ಪದೇ ಪದೇ ನಿಂತರೆ ಮಾಲು ಹೊರಡುವುದು ಯಾವಾಗ, ಸ್ಕ್ಯಾನರ್ ಆಫ್ ಮಾಡಿ ಅಂತ ದಿನಾ ಜಗಳ.
ಆಫ್ ಮಾಡುವ ಪಾಸ್‌ವರ್ಡ್ ಮಾದೇವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅಷ್ಟೇ.

ನೆನಪಿದೆಯೇನೋ ಮಾದೇವ...
ಆಯುಧಪೂಜೆ ದಿನ ಅಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ಸೇರಿ ರೋಬೋಗೆ ವಿಭೂತಿ ಬಳಿದು, ಸ್ಕ್ಯಾನರ್ ಕಣ್ಣಿಗೇ ದಪ್ಪಗೆ ಕುಂಕುಮ ಮೆತ್ತಿದ್ದರು. ಮಾರನೇ ದಿನ ಕಣ್ಣು ಕಾಣದೆ ಯಂತ್ರ ಜಪ್ಪಯ್ಯ ಅನ್ನಲಿಲ್ಲ. ಇವತ್ತೊಂದು ದಿನ ಸ್ಕ್ಯಾನರ್ ಬಿಟ್ಟು ಓಡಿಸಿ ಅಂತ ಓನರ್ ಕೂಗಾಡಿದರು.
ನೀನು ಕರ್ಚೀಫ್ ತೆಗೆದು ಒರೆಸಿದೆ. ಹೆಂಗಸರ ಕಡೆ ತಿರುಗಿ ಮೆತ್ತಗೆ,
"ಕಣ್ಗೆ ಬ್ಯಾಡ ಕಣ್ರವ್ವಾ, ಭುಜಕ್ಕೆ ಅಚ್ಚಿ" ಅಂದೆ.
ಆಮೇಲೆ ಯಂತ್ರ ಆನ್ ಮಾಡಿಸಿ, ಓಡುತ್ತಿದ್ದ ಕೈಯ ಎದುರಿಗೆ ನೀನೇ ಹೋಗಿ ನಿಂತುಬಿಟ್ಟೆ...
ನಿಂತಿತು. ನಿನ್ನ ಮೂಗಿನ ಹತ್ತಿರ.
ನೀನು ನಕ್ಕೆ. ನಾನು ನಿನ್ನನ್ನು ಹೊರಗೆ ಎಳೆದುಕೊಂಡು ಬಂದು ಹಿಗ್ಗಾಮುಗ್ಗಾ ಬೈದೆ.

ಈಗ ಇವತ್ತಿನ ವಿಷಯ. ಇದನ್ನು ಎಲ್ಲರೂ ಓದಬೇಕು.
ಸಾಲಿಗ್ರಾಮದಲ್ಲಿ, ಗೋಡೆಗೆ ಒರಗಿಸಿ ಕೂರಿಸಿದ್ದ ಅವನ ದೇಹದ ಪಕ್ಕ ಕೂತಿದ್ದೆ. ಓನರ್ ಫೋನ್ ಬಂತು. ಪಾಪ, ಒಳ್ಳೆಯ ಮನುಷ್ಯ ಅಂದರು. ಅದರ ಹಿಂದೆಯೇ...
"ಆ ಪಾಸ್‌ವರ್ಡ್ ನಿಮ್ಗೂ ಗೊತ್ತಲ್ವಾ? ನಾಳೆ ಅರ್ಜೆಂಟ್ ಆರ್ಡರ್ ಐತೆ."
ಮೈಯೆಲ್ಲ ಉರಿದುಹೋಯಿತು. ಕೊಡುವುದಿಲ್ಲ ಅಂದೆ.
ಹಾಗಾದರೆ ಬೇರೆಯವರನ್ನು ಕರೆಸಿ ಸ್ಕ್ಯಾನರ್ ವೈರನ್ನೇ ಕೀಳಿಸುತ್ತೇನೆ, ಅದಕ್ಕೂ ಒಪ್ಪದಿದ್ದರೆ ನಿಮ್ಮ ಮೆಷಿನ್ ಎತ್ತಿಕೊಂಡು ಹೋಗಿ ಅಂದರು.
ಎತ್ತಿಕೊಂಡು ಬಂದರೆ ಟ್ರಯಲ್ ಅಲ್ಲಿಗೇ ಖತಂ. ಮಾದೇವ ಕೇಳದ ಕಾರ್ಖಾನೆಯಿಲ್ಲ, ಬೇರೆ ಯಾರೂ ಒಪ್ಪಿರಲಿಲ್ಲ. ಇಷ್ಟು ವರ್ಷದ ದುಡಿಮೆ...

ದಿಕ್ಕು ತೋಚದೆ ಕೂತಿದ್ದಾಗ ಮಂಗಳಮ್ಮನ ಫೋನ್. ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಿಂದ ಬಸ್ಸಿನಲ್ಲಿ ಬಂದು, ಆ ರೋಬೋ ಕೈಗೆ ಪಾರ್ಟ್ ಕೊಡುವ ಹೆಂಗಸು. ತುಂಬಾ ಹೊತ್ತು ಅತ್ತರು. ಕೊನೆಗೆ ಕೇಳಿದರು:
"ಸ್ವಾಮಿಯೋರು ಇಲ್ಲ ಅಂದ್ಮೇಲೆ... ಅದು ನಮ್ಮನ್ನ ಕಂಡ್ರೆ ನಿಲ್ತದಾ ಸಾ?"
ಆಮೇಲೆ ಫೋನ್ ಮಾಡುತ್ತೇನೆ ಅಂದು ಎದ್ದೆ.

ಮಾದೇವನ ಹೆಂಡತಿಗೆ ವಿಷಯ ಹೇಳಿದೆ. ಆ ತಾಯಿ ಕಣ್ಣೊರೆಸಿಕೊಂಡು,
"ಓಗ್ಬುಟ್ಟು ಬನ್ನಿ ಅಣ್ಣಾ... ಮಣ್ಣು ಮಾಡೋದು ಸಂಜೆಗೆ" ಅಂದರು.

ಹುಣಸೂರಿಗೆ ಓಡಿದೆ. ಓನರ್ ಎದುರಿಗೇ ಕರೆಂಟ್ ತೆಗೆದು, ರೋಬೋದ ಮಿದುಳಿನಂತಿರುವ ಕಂಟ್ರೋಲರ್ ಬಿಚ್ಚಿ ಕಾರಿನಲ್ಲಿಟ್ಟುಕೊಂಡೆ. ಉಳಿದದ್ದನ್ನು ಲಾರಿ ತಂದು ಒಯ್ಯುತ್ತೇವೆ ಅಂದೆ. ಅವರು ಏನೇನೋ ಅಂದರು... ಅನ್ನಲಿ.
ಮಂಗಳಮ್ಮನಿಗೆ ಫೋನ್ ಮಾಡಿದೆ. ನಿಂತಿದೆ ಕಣಮ್ಮ, ಹೆದರಬೇಡಿ ಅಂದೆ.

ಹುಣಸೂರಿನಲ್ಲೇ ಕಾರು ನಿಲ್ಲಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಮಾದೇವ...
ನಿನ್ನ ಕೆಲಸವನ್ನು, ನೀನು ಹೋದ ದಿನವೇ, ನಾನೇ ನಿಲ್ಲಿಸಿದೆ ಕಣೋ.
ನೀನಿದ್ದಿದ್ದರೆ ನೀನೂ ಇದನ್ನೇ ಮಾಡುತ್ತಿದ್ದೆ.

ಮಣ್ಣಿಗೆ ಬರುತ್ತಿದ್ದೇನೆ...
ಇನ್ನು ಯಾರ ಜೊತೆಗೂ ನಿನಗೆ ಜಗಳ ಬೇಡ. ಶಿವನ ಪಾದದಲ್ಲಿ ನೆಮ್ಮದಿಯಾಗಿರೋ...